ಖಾಲಚಾ

ರಜಿಸ್ಟರಿನ ಕಾಲಂ ಮರಾಠಿಯೊಳಗ ಐತಿ:
ವರಚಾ, ಖಾಲಚಾ.
ಮ್ಯಾಲಿಂದು, ಕೆಳಗಿಂದು.
ಉಮದಿಯೊಳಗ ಯಾರಿಗೂ ಇದನ್ನ ಬಿಡಿಸಿ ಹೇಳೂದು ಬ್ಯಾಡ.
ಆದರ ನನಗ, ಆರು ತಿಂಗಳಿಂದ,
ಖಾಲಚಾ ಅಂದ್ರ ಖಾಲಿ.

ಮ್ಯಾಲಿನ ಅಂಕಿ ಬೆರಳಿಗೇ ಸಿಗತೈತಿ.
ರಟ್ಟಿಗೆ ಪಟ್ಟಿ ಸುತ್ತಿ, ರಬ್ಬರ ಬುಗ್ಗಿ ಹಿಚುಕಿ ಗಾಳಿ ತುಂಬೂದು
ಮಣಿಕಟ್ಟಿನ ನಾಡಿ ಬೆರಳಡಿ ಮಾಯ ಆಗೂತನ.
ಆಮ್ಯಾಲೆ ತಿರುಪು ಸಡಿಲ ಮಾಡಿದ್ರ
ಪಾದರಸ ಇಳೀತೈತಿ, ಒಂದೊಂದ ಗೆರಿ,
ರೇಶನ್ ಪಾಳಿಯೊಳಗ ಮುದುಕರು ಸರದ್ಹಂಗ.
ಎಲ್ಲೋ ಒಂದ ಕಡೆ ನಾಡಿ ತಿರುಗಿ ಬರತೈತಿ,
ಬೆರಳಿಗೆ ಸಣ್ಣ ಗುದ್ದು. ಅದ ವರಚಾ.

ಕೆಳಗಿಂದಕ್ಕ ಬೆರಳು ಸಾಲೂದಿಲ್ಲ. ಕಿವಿ ಬೇಕು.
ಮೊಣಕೈ ಮಡಚಿನೊಳಗ ಬಿಲ್ಲಿ ಇಟ್ಟು
ಇಪ್ಪತ್ತೇಳು ವರ್ಷ ಕೇಳೀನಿ:
ಬಾಜೂ ಮನಿಯೊಳಗ ರೊಟ್ಟಿ ಬಡದ್ಹಂಗ
ತಟ್, ತಟ್, ತಟ್,
ನಡುವ ಒಣಹಿಟ್ಟು ಜಾಡಿಸಿದ ಸರಬರ,
ಮತ್ತ ಗಟ್ಟಿ, ಮತ್ತ ಮೆತ್ತಗ,
ಆಮ್ಯಾಲೆ ರೊಟ್ಟಿ ಹಂಚಿಗೆ. ಸದ್ದಿಲ್ಲ.
ಆ ಹೊತ್ತಿಗೆ ಪಾದರಸ ಎಲ್ಲಿತ್ತೋ ಅದ ಖಾಲಚಾ.

ಈಗ ಮೊದಲಿನ ನಾಕು ಬಡಿತ ಬರತಾವ.
ಅಷ್ಟರಾಗ ಕಿವಿಯೊಳಗ ಬೋರಿನ ಮೋಟಾರು ಗುಂಯ್ ಅಂತೈತಿ.
ಅದಕ್ಕ ಎಂಬತ್ತು ಅಂತ ಬರದೆ.
ಒಬ್ಬರಿಗೆ ಬರದೆ. ಇನ್ನೊಬ್ಬರಿಗೂ ಬರದೆ.
ಯಾರಿಗೂ ಅಂಜಿಕಿ ಹುಟ್ಟಿಸದಂಥಾ ಅಂಕಿ.
ನಲವತ್ತೊಂಬತ್ತು ಮಂದಿಗೆ. ಆರು ತಿಂಗಳು.

ಹಿಡದಾಂವ ಲಾಡ್ಲೇಸಾಬ,
ಚಡಚಣ ರೋಡಿಗೆ ಪಂಕ್ಚರ್ ತಗಿಯಾಂವ.
ಕುಂತ ಕೂಡ್ಲೇ ಕೇಳತಿದ್ದ, "ಎಷ್ಟ ಪೌಂಡ್ ಐತ್ರಿ ಬಾಯಾರ?"
ಈ ಸಲ ಚ್ಯಾಷ್ಟಿ ಇಲ್ಲ. ತನ್ನ ಕಾರ್ಡು, ಹೆಂಡ್ತಿ ಕಾರ್ಡು, ಮಾವನ ಕಾರ್ಡು
ತೊಡಿ ಮ್ಯಾಲೆ ಸಾಲಾಗಿ ಇಟ್ಟ.
"ಎಂಬತ್ತು. ಎಂಬತ್ತು. ಎಂಬತ್ತು.
ಒಂದ ಲಾರಿಯ ಆರು ಗಾಲಿಗೂ
ನನಗ ಇಷ್ಟ ಸರೀ ಗಾಳಿ ಕೂಡಸಾಕ ಆಗೂದಿಲ್ರಿ."

ಕಾರ್ಡು ನೋಡಿದೆ. ಫ್ಯಾನು ನೋಡಿದೆ.
ನಳಿಗಿ ನನ್ನ ಕಿವಿಯಿಂದ ತಗದು ಅವನ ಕಿವಿಗೆ ಹಾಕಿದೆ.
"ನನಗ ಕೇಳಸವಲ್ದು," ಅಂದೆ,
ಆರು ತಿಂಗಳೊಳಗ ಮೊದಲ ಖರೇ ಮಾತು.
"ನೀವ ಕೇಳ್ರಿ. ಸದ್ದು ನಿಂತ ಕೂಡ್ಲೇ ಬೆರಳ ಎತ್ರಿ."

ಕಣ್ಣ ಮುಚ್ಚಿದ.
ಟ್ಯೂಬು ನೀರಾಗ ಅದ್ದಿ ಗುಳ್ಳಿ ಹುಡುಕೂವಾಗಿನ ಮಾರಿ.
ನೂರಾ ಐವತ್ತೆಂಟಕ್ಕ ಹುಬ್ಬು ಹಾರಿತು.
ತುಟಿ ತನ್ನಷ್ಟಕ್ಕ ತಾನ ಎಣಸಾಕ ಹತ್ತಿತು.
ನೂರಾ ಮೂವತ್ತು. ನೂರಾ ಹತ್ತು.
ಹೊರಗ ಯಾರೋ ಹಾರ್ನ್ ಹೊಡದರ
ಎಡಗೈ ಬೀಸಿ ಸುಮ್ಮನಿರಿ ಅಂದ.
ತೊಂಬತ್ತಾರಕ್ಕ ಬೆರಳು ಎದ್ದಿತು,
ಬೆರಳಿನ ಹಿಂದ ಲಾಡ್ಲೇಸಾಬನೂ ಎದ್ದ:
"ನಿಂತಬಿಡ್ತಲ್ರಿ ಬಾಯಾರ!"

ನಿಂತಿಲ್ಲ ತಮ್ಮಾ, ಕುಂಡ್ರು.
ನಾವು ಹಿಚುಕಿದಾಗಷ್ಟ ನೆತ್ತರು ಒದರತೈತಿ,
ದಾರಿ ಸಿಕ್ಕರ ಸುಮ್ಮ ಹೋಗತೈತಿ.
ಎದಿಯೊಳಗೂ ಹಂಗ: ಲಬ್ ಡಬ್ ಅನ್ನೂದು
ಬಾಗಿಲ ಮುಚ್ಚೂ ಸದ್ದು.
ತಗಿಯೂವಾಗ ಯಾರಿಗೂ ಕೇಳಸೂದಿಲ್ಲ.

ತೊಂಬತ್ತಾರು ಅಂತ ಬರದೆ,
ಹಾಳಿ ತೂತು ಬೀಳೂವಷ್ಟು ಒತ್ತಿ.
ಆಂವಗ ಉಪ್ಪಿನಕಾಯಿ ಬಂದ್, ಜತ್ತ ಡಾಕ್ಟರಿಗೆ ಚೀಟಿ.
ನನಗ ಆಂವ ಕೊಟ್ಟಿದ್ದು ಬರೇ ಬಾಯಿಮಾತಿನ ಚೀಟಿ:
"ಮಿರಜಿಗೆ ಹೋಗಿ ಕಿವಿ ತೋರಿಸ್ರಿ.
ವಾಲ್ ಹೋಗಿರಬೇಕು, ಟ್ಯೂಬ್ ಚಲೋ ಐತಿ."

ಎಂಬತ್ತು ಬರದದ್ದಕ್ಕೆಲ್ಲಾ ಕೆಂಪು ಗೆರಿ ಎಳದೀನಿ.
ನಾಳಿಂದ ಮತ್ತ ಮೊದಲಿನ ಮನಿ,
ತಮಣ್ಣಾ ಬಿರಾದಾರನ ಅವ್ವನಿಂದ, ನಲವತ್ತೊಂಬತ್ತೂ.
ಲಾಡ್ಲೇಸಾಬನ ಸಣ್ಣ ಮಗಳು ಜುಲೇಖಾ
ಸಾಲಿ ಬಿಟ್ಟಮ್ಯಾಲೆ ದಿನಾ ಒಂದ ತಾಸು
ಕಿವಿ ಕೊಡತೀನಿ ಅಂದಾಳ.